ಪೆನ್ಸಿಲ್ಲಿನ ಎರಡು ಸಾಲು

ಕಳೆದ ತಿಂಗಳು ಪಿಂಚಣಿಯ ಕಾಗದವೊಂದರ ನಕಲು ಬೇಕಾಗಿತ್ತು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮಳೆಗೆ ಸಿಕ್ಕಿ, ಬೇರೆ ದಾರಿಯಿಲ್ಲದೆ ಮೆಹಬೂಬ ಕಾಕಾ ಅವರ ಝೆರಾಕ್ಸ್ ಅಂಗಡಿಯೊಳಗೆ ನುಗ್ಗಿದೆ. ನಾಲ್ಕು ವರ್ಷದಿಂದ ಆ ಅಂಗಡಿ ತಪ್ಪಿಸಿ ಓಡಾಡುತ್ತಿದ್ದವಳು ನಾನು. ಯಂತ್ರದಿಂದ ಹೊರಬಂದ ಹಾಳೆಯನ್ನು ಕಾಕಾ ಕೈಗಿಟ್ಟರು. ಆ ಬಿಸಿ ಕಾಗದದ ವಾಸನೆ, ಅದರ ಜೊತೆ ಬಾಗಿಲಲ್ಲಿ ನೀರಿಳಿಯುತ್ತಿದ್ದ ಛತ್ರಿಗಳ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

"ಯಾಕ್ರಿ ಅಕ್ಕಾರ, ಬಿಪಿ ಗುಳಿಗಿ ತಗೊಂಡಿಲ್ಲೇನು?" ಎಂದರು ಕಾಕಾ. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕಾರ ಎನ್ನುತ್ತಾರೆ. ಕಲಿಸುವುದನ್ನು ಬಿಟ್ಟರೂ ಆ ಹೆಸರು ಬಿಡುವುದಿಲ್ಲ.

"ತಗೊಂಡೇನ್ರಿ. ನಿಮ್ಮ ಮಶೀನಿನ ವಾಸನಿ ಮದಲ ಬದಲಿ ಮಾಡಸ್ರಿ."

ಅವರು ನಗಲಿಲ್ಲ. ಸ್ವಲ್ಪ ಹೊತ್ತು ಹಾಳೆಗಳ ಅಂಚು ಸರಿಮಾಡಿದರು. "ಶಿವಲೀಲಾ ಬಂದಿದ್ಲರಿ ಹ್ವಾದ ವಾರ. ಅವ್ವನ ಆಧಾರ ಕಾರ್ಡಿನ ನಕಲು ತಗಸಾಕ. ನಿಮ್ಮನ್ನ ಕೇಳಿದ್ಲು, ಅಕ್ಕಾರ ಹೆಂಗದಾರಂತ."

ಆ ಹುಡುಗಿ ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಹೇಗಿದ್ದಾರೆ ಎಂದು ಕೇಳಿದಳಂತೆ ಅಂದಾಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಕಾಕಾ ಅವರ ಅಂಗಡಿಯ ಮೇಲೆ ಒಂದು ಕೋಣೆ ಇದೆ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಮೂರು ವರ್ಷ ನಾನು ಅಲ್ಲಿ ಕೂರುತ್ತಿದ್ದೆ. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ಮಕ್ಕಳು ಬರುತ್ತಿದ್ದರು. ಪಿಯುಸಿ ಆದ ಮೇಲೆ ಮುಂದೇನು, ಯಾವ ಪರೀಕ್ಷೆ, ಯಾವ ಫಾರ್ಮು, ಯಾವ ದಾಖಲೆ ಎಂದು ಹೇಳುವವರು ಅವರಿಗೆ ಬೇಕಾಗಿತ್ತು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ನನ್ನ ಸೊಸೆ ಇದೇ ವಿಷಯವನ್ನು ಬೇರೆ ಮಾತುಗಳಲ್ಲಿ ಹೇಳುತ್ತಾಳೆ.

ಕಾಲೇಜು ಆರಿಸುವ ಕೆಲಸಕ್ಕೆ ನನ್ನದೊಂದು ಪದ್ಧತಿ ಇತ್ತು. ಸೀಟು ಹಂಚುವ ಸರ್ಕಾರಿ ಜಾಲತಾಣದಲ್ಲಿ ಮಕ್ಕಳು ತಮಗೆ ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಬರೆಯಬೇಕು. ಯಂತ್ರ ಮೇಲಿನಿಂದ ನೋಡುತ್ತ ಬರುತ್ತದೆ, ಅವರ ರ‍್ಯಾಂಕಿಗೆ ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ಹಾಗಾಗಿ ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದರಲ್ಲೇ ಎಲ್ಲ ಇದೆ. ನನ್ನಲ್ಲಿ ಮೊದಲು ಮಕ್ಕಳು ಪೆನ್ಸಿಲ್ಲಿನಲ್ಲಿ ತಮ್ಮ ಪಟ್ಟಿ ಬರೆಯುತ್ತಿದ್ದರು. ಆಮೇಲೆ ನಾನು ಅದರ ಮೇಲೆ ಪೆನ್ನಿನಿಂದ ತಿದ್ದಿ, ಹೊಸದನ್ನು ಸೇರಿಸಿ, ಸಂಖ್ಯೆ ಹಾಕುತ್ತಿದ್ದೆ. ಈ ಮಕ್ಕಳು ಯಾವಾಗಲೂ ತಮಗಿಂತ ಸಣ್ಣದನ್ನೇ ಕೇಳುತ್ತಾರೆ, ದೊಡ್ಡದನ್ನು ಬರೆಯಲು ಅವರ ಕೈ ನಡುಗುತ್ತದೆ ಎಂದು ನನಗೆ ಖಾತ್ರಿ ಇತ್ತು. ಬಹಳ ಸಲ ಅದು ನಿಜವೂ ಆಗಿತ್ತು, ಅದೇ ನನ್ನನ್ನು ಕೆಡಿಸಿತು.

ಶಿವಲೀಲಾ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯ ಹುಡುಗಿ. ಆ ವರ್ಷದ ಮುಂಗಾರು ಆಗಷ್ಟೇ ಶುರುವಾಗಿತ್ತು. ಅವಳು ಮೊದಲ ಸಲ ಮೆಟ್ಟಿಲು ಹತ್ತಿ ಬಂದಾಗ ಹಿಂದೆ ಒಬ್ಬ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಕರಿಮಣ್ಣು ಮೆತ್ತಿದ ಚಪ್ಪಲಿಯಿಂದ ಮೆಟ್ಟಿಲು ಕೊಳೆಯಾದೀತೆಂದು ತೆಗೆದಿದ್ದರು. ಬರ‍್ರಿ, ಕೂಡ್ರಿ ಎಂದೆ. ಅವರು ಮಗಳ ಮುಖ ನೋಡಿದರು.

"ಅವ್ವಗ ಕೇಳಂಗಿಲ್ರಿ. ಮಾತೂ ಬರಂಗಿಲ್ಲ, ಹುಟ್ಟಿದಾಗಿಂದ," ಎಂದಳು ಶಿವಲೀಲಾ. ಆಮೇಲೆ ತಾಯಿಯ ಕಡೆ ತಿರುಗಿ ಎರಡು ಕೈಯಿಂದ ಏನೋ ಸರಸರನೆ ಹೇಳಿದಳು. ಆ ಹೆಂಗಸಿನ ಮುಖ ಅರಳಿತು. ತಾನೂ ಎರಡು ಕೈಯೆತ್ತಿ ಉದ್ದಕ್ಕೆ ಏನೋ ಹೇಳಿದರು, ಕೊನೆಗೆ ಎರಡು ಬೆರಳನ್ನು ಸುತ್ತಿ ಕಣ್ಣಿಗೆ ಹಿಡಿದರು.

"ಚಾಳೀಸದಾಕಿ ಅಂತ ನಿಮಗ ಹೆಸರಿಟ್ಟಾಳ್ರಿ," ಎಂದು ಮಗಳು ನನ್ನ ಕನ್ನಡಕ ತೋರಿಸಿ ನಕ್ಕಳು.

ತಾಯಿಯ ಹೆಸರು ಫಕೀರವ್ವ. ಅವರ ಕೈಮಾತು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ತಾಯಿ, ಮಗಳು ಇಬ್ಬರೂ ಸೇರಿ ಮನೆಯಲ್ಲೇ ಕಟ್ಟಿಕೊಂಡದ್ದು. ಮಗಳ ಗದ್ದದಲ್ಲೊಂದು ಮಚ್ಚೆ, ಹಾಗಾಗಿ ಗದ್ದ ಮುಟ್ಟಿಕೊಂಡರೆ ಶಿವಲೀಲಾ. ಏನನ್ನೋ ಉರುಟಾಗಿ ತಿಕ್ಕಿ, ಸಕ್ಕರೆಯಲ್ಲಿ ಹೊರಳಿಸಿ ಬಾಯಿಗಿಟ್ಟಂತೆ ಮಾಡಿದರೆ ಪೇಡೆ, ಅಂದರೆ ಧಾರವಾಡ. ಅಪ್ಪ ಬಸಪ್ಪ ಕೆಟ್ಟ ಮನುಷ್ಯನಲ್ಲ, ಎರಡು ಎಕರೆ ಹೊಲ ಮಾಡಿಕೊಂಡು, ಬಿಡುವಾದಾಗ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಆದರೆ ಉಣ್ಣು, ಬಾ, ಹೋಗು ಎನ್ನುವುದಕ್ಕಿಂತ ಹೆಚ್ಚು ಕೈಮಾತು ಅವನು ಕಲಿಯಲಿಲ್ಲ. ಫಕೀರವ್ವನಿಗೆ ತನ್ನ ಮನಸ್ಸಿನ ಮಾತು ಹೇಳಿಕೊಳ್ಳಲು ಈ ಪ್ರಪಂಚದಲ್ಲಿ ಇದ್ದವಳು ಮಗಳೊಬ್ಬಳೇ. ಇದೆಲ್ಲ ನನಗೆ ಮೊದಲ ದಿನವೇ ತಿಳಿದಿತ್ತು. ತಿಳಿದಿತ್ತು ಎನ್ನುವುದನ್ನು ನಾನು ಎಲ್ಲಿಯೂ ಮುಚ್ಚಿಡುವುದಿಲ್ಲ.

ಶಿವಲೀಲಾಗೆ ಕೃಷಿ ಓದಬೇಕಿತ್ತು. ಆ ಪದವಿಯಲ್ಲಿ ರೈತರ ಮಕ್ಕಳಿಗೆ ಬೇರೆ ಸೀಟುಗಳಿವೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಬೀಜ, ಕಳೆ, ಗೊಬ್ಬರ, ಸಲಕರಣೆ ಮುಂದಿಟ್ಟು ಇದೇನು ಎಂದು ಕೇಳುತ್ತಾರೆ. ಅಭ್ಯಾಸಕ್ಕೆ ಬೀಜ ಬೇಕೆಂದೆ. ಮೂರನೆಯ ದಿನ ಫಕೀರವ್ವ ಒಂದು ಹಳೆಯ ಸೀರೆಯ ತುಂಡುಗಳಲ್ಲಿ ಸಣ್ಣ ಸಣ್ಣ ಗಂಟು ಕಟ್ಟಿ ತಂದು ಮೇಜಿನ ಮೇಲೆ ಸುರಿದರು. ಜೋಳ, ಹತ್ತಿ, ಶೇಂಗಾ, ಕುಸುಬಿ, ಅಗಸಿ, ಗುರೆಳ್ಳು, ಹೆಸರು, ಮಡಿಕೆ, ಅಲಸಂದಿ, ಮೂರು ತರದ ಮೆಣಸಿನಕಾಯಿ ಬೀಜ. ಮಾತು ಬಾರದ ಹೆಂಗಸು ಇಡೀ ಊರಿನ ಬಾಗಿಲು ಬಡಿದು, ಕೈಸನ್ನೆ ಮಾಡಿ, ಇಷ್ಟನ್ನು ಕೂಡಿಸಿದ್ದರು.

ಕಾಕಾ ಅವರ ಅಂಗಡಿಯಲ್ಲೇ ನಮ್ಮ ಅಭ್ಯಾಸ ನಡೆಯುತ್ತಿತ್ತು. ಶಿವಲೀಲಾ ಕಣ್ಣು ಮುಚ್ಚಿಕೊಂಡು ಕುಳಿತುಕೊಳ್ಳುವಳು, ನಾನೊಂದು ಗಂಟು ಬಿಚ್ಚಿ ಅಂಗೈಗೆ ಹಾಕುವೆ. ಬೆರಳ ತುದಿಯಲ್ಲಿ ಒಮ್ಮೆ ತಿಕ್ಕಿ ಹೆಸರು ಹೇಳುವಳು. ಸಂಶಯ ಬಂದರೆ ಹಲ್ಲಿನ ನಡುವೆ ಕಡಿದು ನೋಡುವಳು. ನಕಲಿಗೆ ಬಂದವರು ಕೆಲಸ ಮರೆತು ನೋಡುತ್ತ ನಿಲ್ಲುತ್ತಿದ್ದರು. ಫಕೀರವ್ವ ಗೋಡೆಗೊರಗಿ ಕುಳಿತು, ಮಗಳು ಸರಿ ಹೇಳಿದಾಗಲೆಲ್ಲ ಅದನ್ನು ನನ್ನ ಮುಖದಿಂದಲೇ ತಿಳಿದು, ತನಗೇ ಸೀಟು ಸಿಕ್ಕಂತೆ ಬೀಗುತ್ತಿದ್ದರು. ನನ್ನ ಇಡೀ ಮಾಸ್ತರಿಕೆಯಲ್ಲಿ ಅದಕ್ಕಿಂತ ಛಲೋ ಪಾಠ ನಾನು ಕಂಡಿಲ್ಲ.

ಪರೀಕ್ಷೆ ಧಾರವಾಡದ ಕೃಷಿ ಕಾಲೇಜಿನಲ್ಲಿ ನಡೆಯಿತು. ತಾಯಿ ಜೊತೆಗೆ ಹೋಗಿ ಸಂಜೆಯವರೆಗೆ ಗೇಟಿನ ಹೊರಗೆ ಮರದ ಕೆಳಗೆ ಕುಳಿತಿದ್ದರಂತೆ. ಶಿವಲೀಲಾ ಹೊರಗೆ ಬಂದು, ಇದೇ ನನ್ನ ಸಾಲಿ, ಇಲ್ಲಿಗೇ ದಿನಾ ಬರುತ್ತೇನೆ ಎಂದು ಕೈಯಲ್ಲಿ ಹೇಳಿದ್ದಳು. ಬಸ್ಸಿನ ಚಕ್ರ ತಿರುಗಿಸುವ ಹಾಗೆ ಮಾಡಿ, ಮುಂಜಾನೆ ಹೋಗುವುದು, ಸಂಜೆ ಬರುವುದು ಎಂದು ಮೊಳಕೈಯಿಂದ ಬೆರಳ ತುದಿಗೆ, ಮತ್ತೆ ಬೆರಳ ತುದಿಯಿಂದ ಮೊಳಕೈಗೆ ಕೈಯಾಡಿಸಿ ತೋರಿಸಿದ್ದಳು.

ಪಟ್ಟಿ ಬರೆಯುವ ದಿನ ಬಂತು. ಅವಳು ಪೆನ್ಸಿಲ್ಲಿನಲ್ಲಿ ಎರಡೇ ಸಾಲು ಬರೆದಳು. ಒಂದು, ಧಾರವಾಡದಲ್ಲಿ ಕೃಷಿ. ಎರಡು, ಧಾರವಾಡದಲ್ಲೇ ಸಮುದಾಯ ವಿಜ್ಞಾನ, ಮೊದಲು ಗೃಹವಿಜ್ಞಾನ ಎನ್ನುತ್ತಿದ್ದ ಪದವಿ. ಆಮೇಲೆ ಪೆನ್ಸಿಲ್ ಕೆಳಗಿಟ್ಟಳು.

"ಮುಗೀತೇನವಾ? ರಾಜ್ಯದಾಗ ಕಾಲೇಜು ಇವೆರಡೇ ಅದಾವೇನು?"

"ನನಗ ಸಾಕ್ರಿ."

ನಾನು ಪೆನ್ನು ತೆಗೆದುಕೊಂಡೆ. ಅವಳ ಎರಡು ಸಾಲಿನ ನಡುವೆ ದೂರದ ಕೃಷಿ ಕಾಲೇಜುಗಳನ್ನೆಲ್ಲ ತುಂಬಿದೆ. ಕೃಷಿ ಅಂದರೆ ಕೃಷಿಯೇ, ಅದರ ಮುಂದೆ ಇನ್ನೊಂದು ಪದವಿಯನ್ನು ಇಡಬಾರದು ಎಂದೆ. ಇಷ್ಟು ಬುದ್ಧಿಯಿರುವ ಹುಡುಗಿ ಕೃಷಿ ಅಧಿಕಾರಿಯಾಗಿ ಜೀಪಿನಲ್ಲಿ ಸುಳ್ಳಕ್ಕೆ ಬಂದಿಳಿಯಬೇಕು ಎಂದು ಕಾಕಾ ಎದುರಿಗೇ ಭಾಷಣ ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡಳು.

"ನಾ ದೂರ ಹ್ವಾದ್ರ ಅವ್ವ ಯಾರ ಜೋಡಿ ಮಾತಾಡ್ಯಾಳ್ರಿ, ಅಕ್ಕಾರ?"

ಪ್ರಶ್ನೆ ಅದೊಂದೇ. ಉಳಿದದ್ದೆಲ್ಲ ನನ್ನ ಗದ್ದಲ.

"ವಿಡಿಯೋ ಕಾಲ್ ಐತಲ್ಲ," ಎಂದೆ ನಾನು. "ದಿನಾ ಸಂಜಿಮುಂದ ಫೋನಿನ್ಯಾಗ ಮಾತಾಡು. ನಿನ್ನ ಸಲುವಾಗಿನೂ ಒಂದೀಟು ಬದುಕಬೇಕವಾ. ಹಿಂಗ ಎಲ್ಲಾರೂ ಮನಿ ಮನಿ ಅಂದ್ರ ಯಾರು ಮುಂದ ಬರೂದು?"

ಅವಳು ಕೆಳಗಿಳಿದು ಹೋದ ಮೇಲೆ ಕಾಕಾ ಹೇಳಿದರು, "ಹುಡುಗಿ ಮಾರಿ ಒಂದ್ಸಲ ನೋಡಬೇಕಾಗಿತ್ರಿ." ನಿಮ್ಮ ಮಶೀನು ನೋಡಿಕೊಳ್ಳಿ ಎಂದು ನಾನು ರೇಗಿದೆ.

ಮೊದಲ ಸುತ್ತಿನಲ್ಲಿ ಅವಳಿಗೆ ಧಾರವಾಡದ ಸಮುದಾಯ ವಿಜ್ಞಾನ ಸಿಕ್ಕಿತು. ಪಂಚಮಿ ಹಬ್ಬದ ಹಿಂದು ಮುಂದಿನ ದಿನಗಳು. ಫಕೀರವ್ವ ಉಂಡಿ ಕಟ್ಟಿ ತಂದರು, ಮೆಟ್ಟಿಲು ಹತ್ತುತ್ತಲೇ ಪೇಡೆ ತಿಕ್ಕಿ ಬಾಯಿಗಿಟ್ಟುಕೊಳ್ಳುವ ಸನ್ನೆ ಮಾಡಿದರು. ಧಾರವಾಡ, ಧಾರವಾಡ. ಆ ಹೊತ್ತಿಗೆ ನಾನು ಬಾಯಿ ಮುಚ್ಚಿಕೊಂಡು ಎರಡು ಉಂಡಿ ತಿಂದಿದ್ದರೆ ಸಾಕಾಗಿತ್ತು. ಸೀಟು ಸಿಕ್ಕವರು ಅಲ್ಲಿಯೇ ಒಪ್ಪಿಕೊಂಡು ಸೇರಬಹುದು, ಇಲ್ಲವೆ ಇದನ್ನು ಹಿಡಿದುಕೊಂಡೇ ಪಟ್ಟಿಯ ಮೇಲಿನ ಸಾಲಿಗೆ ಇನ್ನೊಂದು ಸುತ್ತು ಕಾಯಬಹುದು. ಕಾಯುವುದೇ ಸರಿ ಎಂದೆ.

"ಮ್ಯಾಲಿಂದು ಬಂದ್ರ ಇದು ಹೋಗತೈತಲ್ರಿ?" ಎಂದು ಕೇಳಿದಳು.

"ಹೋದ್ರ ಹೋಗ್ಲಿ ಬಿಡು. ಛಲೋದ ಬಂದ ಮ್ಯಾಲೆ ಇದನ್ನ ಏನು ಮಾಡ್ತಿ?"

ಗುಂಡಿ ಒತ್ತಿದ್ದು ಅವಳ ಬೆರಳು. ಆದರೆ ನಾನು ಪಕ್ಕದಲ್ಲಿ ನಿಂತಿದ್ದೆ, ಹೂಂ ಹೂಂ ಎನ್ನುತ್ತಿದ್ದೆ. ಎರಡನೆಯ ಸುತ್ತಿನಲ್ಲಿ ಮಂಡ್ಯದ ಕಡೆಯ ಒಂದು ಕಾಲೇಜಿನಲ್ಲಿ ಕೃಷಿ ಸಿಕ್ಕಿತು. ಧಾರವಾಡದ ಸೀಟು ತಾನಾಗಿಯೇ ಬೇರೆ ಯಾರಿಗೋ ಹೋಯಿತು. ಬಸಪ್ಪ ಸಂತೋಷದಿಂದ ಅಂಗಡಿಯ ಮುಂದೆ ಬಂದು ನನಗೆ ಕೈಮುಗಿದ. ನಾನು ಇಡೀ ಬೀದಿಗೆ ಪೇಡೆ ಹಂಚಿದೆ. ಫಕೀರವ್ವ ಪೇಡೆ ನೋಡಿ, ಸರಿಯೇ, ಧಾರವಾಡವೇ ಎಂದುಕೊಂಡು ಕಣ್ಣಿಗೊತ್ತಿಕೊಂಡು ತಿಂದರು.

ಶಿವಲೀಲಾ ನನ್ನನ್ನು ಮೆಟ್ಟಿಲ ಕೆಳಗೆ ಒಂದು ಬದಿಗೆ ಕರೆದಳು. "ಅವ್ವಗ ಹೆಂಗ ಹೇಳ್ಲಿರಿ? ಆ ಊರಿಗೆ ನಮ್ಮ ಕೈಯಾಗ ಹೆಸರ ಇಲ್ಲ."

"ಈಗ ಹೇಳಬ್ಯಾಡ," ಎಂದೆ. "ಹೋಗೂ ಮುಂದ ಅತ್ತು ಗದ್ದಲ ಮಾಡ್ತಾರ, ನೀನೂ ಹಿಂದ ಸರೀತಿ. ನಾಕ ದಿನ ಹೋದ ಮ್ಯಾಲೆ ರೂಢಿ ಆಗತೈತಿ."

ಇಷ್ಟು ವರ್ಷ ಮಕ್ಕಳ ಮುಂದೆ ನಾನು ಆಡಿದ ಸಾವಿರ ಮಾತಿನಲ್ಲಿ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು ಯಾರಾದರೂ ವರ ಕೊಟ್ಟರೆ, ಈ ಮಾತನ್ನೇ ತೆಗೆದುಕೊಳ್ಳುತ್ತೇನೆ.

ಅವಳು ಹೋದಳು. ದಿನಾ ಮುಂಜಾನೆ ಹೋಗಿ ಸಂಜೆ ಬರುತ್ತಾಳೆಂದು ತಿಳಿದಿದ್ದ ತಾಯಿ ಅವತ್ತು ಸಂಜೆ ಆರರ ಬಸ್ಸಿಗೆ ನಿಲ್ದಾಣಕ್ಕೆ ಬಂದು ನಿಂತರಂತೆ. ಮರುದಿನವೂ ನಿಂತರು. ಬಸಪ್ಪ ಫೋನು ಹಚ್ಚಿ ಕೊಟ್ಟ. ನಾನು ಯೋಚಿಸದಿದ್ದ ಒಂದು ಸಣ್ಣ ವಿಷಯ ಅಲ್ಲಿತ್ತು. ಫೋನು ಹಿಡಿಯಲು ಒಂದು ಕೈ ಬೇಕು, ಅವರ ಮಾತಿಗೆ ಎರಡೂ ಕೈ ಬೇಕು. ಫೋನು ಕೆಳಗಿಟ್ಟರೆ ಮಗಳ ಮುಖ ಕಾಣುವುದಿಲ್ಲ, ಎತ್ತಿ ಹಿಡಿದರೆ ಅರ್ಧ ಮಾತು ಹೋಗುತ್ತದೆ. ಬಸಪ್ಪ ಎರಡು ದಿನ ಹಿಡಿದು ನಿಂತ, ಮೂರನೆಯ ದಿನಕ್ಕೆ ಬೇಸರವಾಯಿತು, ಆಮೇಲೆ ಹೊಲದ ಕೆಲಸ ಬಂತು, ಫೋನು ಅವನ ಕಿಸೆಯಲ್ಲೇ ಉಳಿಯಿತು. ಮಗಳು ಧಾರವಾಡದಲ್ಲಿಲ್ಲ ಎನ್ನುವುದು ತಾಯಿಗೆ ಮುಟ್ಟಲೇ ಇಲ್ಲ.

ನನಗೆ ಶಿವಲೀಲಾಳಿಂದ ದಿನಕ್ಕೊಂದು ಸಂದೇಶ ಬರುತ್ತಿತ್ತು. ತರಗತಿ ಛಲೋ ಇದೆ, ಮೇಷ್ಟ್ರು ಬೀಜ ಗುರುತಿಸಿದ್ದಕ್ಕೆ ಹೊಗಳಿದರು ಎಂದು ಬರೆಯುತ್ತಿದ್ದಳು. ಕೊನೆಯ ಸಾಲು ಯಾವಾಗಲೂ ಒಂದೇ, ಅವ್ವನ್ನ ಒಮ್ಮೆ ನೋಡಿ ಬರ‍್ರಿ ಅಕ್ಕಾರ. ಈ ಭಾನುವಾರ ಹೋಗುತ್ತೇನೆ, ಮುಂದಿನ ಭಾನುವಾರ ಹೋಗುತ್ತೇನೆ ಎಂದು ಉತ್ತರ ಬರೆದೆ. ಮಳೆ ಇತ್ತು, ಬೇರೆ ಮಕ್ಕಳ ಫಾರ್ಮು ಇದ್ದವು. ಹೋಗಲಿಲ್ಲ.

ಮೂರನೆಯ ವಾರ ಬಸಪ್ಪನ ಫೋನು ಬಂತು. "ಅಕ್ಕಾರ, ಆಕಿ ಮನ್ಯಾಗ ಇಲ್ರಿ. ಮೊನ್ನಿಂದ ಇಲ್ಲ. ತವರಮನಿಗೆ ಹೋಗಿರಬೇಕ ಅಂತ ಸುಮ್ಮಿದ್ದೆ, ಅಲ್ಲೂ ಇಲ್ಲಂತ."

ಎಲ್ಲಿಗೆ ಹೋಗಿರಬೇಕು ಎನ್ನುವುದು ನನಗೆ ತಕ್ಷಣ ತಿಳಿಯಿತು. ಅಂಗಡಿ ಮುಚ್ಚಿಸಿ ಕಾಕಾ ಅವರನ್ನು ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದೆ.

ಫಕೀರವ್ವ ಕೃಷಿ ಕಾಲೇಜಿನ ಗೇಟಿನ ಹೊರಗೆ, ಅದೇ ಮರದ ಕೆಳಗೆ ಕುಳಿತಿದ್ದರು. ಸೀರೆ ಮೊಳಕಾಲವರೆಗೆ ತೋಯ್ದಿತ್ತು. ಹುಬ್ಬಳ್ಳಿ ನಿಲ್ದಾಣದಲ್ಲಿ ಕಂಡಕ್ಟರಿಗೆ ಪೇಡೆಯ ಸನ್ನೆ ಮಾಡಿ ಸರಿಯಾದ ಬಸ್ಸನ್ನೇ ಹಿಡಿದಿದ್ದರು. ಅಲ್ಲಿಂದ ಇಲ್ಲಿಯವರೆಗೆ ದಾರಿ ನೆನಪಿಟ್ಟು ನಡೆದಿದ್ದರು.

"ಎರಡ ದಿನ ಆತ್ರಿ," ಎಂದ ಗೇಟಿನ ಕಾವಲುಗಾರ. "ಮಲಗಾಕ ನಮ್ಮ ಮನಿಗೆ ಕರ್ಕೊಂಡ ಹೋಗಿದ್ವಿ. ಬೆಳಗಾದ ಕೂಡಲೇ ಮತ್ತ ಬಂದು ಇಲ್ಲೇ ಕೂಡ್ತಾಳ. ಹೊರಗ ಬರೂ ಹುಡುಗ್ಯಾರಿಗೆಲ್ಲಾ ಗದ್ದ ಮುಟ್ಟಿ ಮುಟ್ಟಿ ತೋರಸ್ತಾಳ. ಏನಂತ ನಮಗೇನ ತಿಳೀಬೇಕ್ರಿ."

ನನ್ನನ್ನು ನೋಡಿ ಅವರು ಎದ್ದರು. ಎರಡು ಬೆರಳು ಕಣ್ಣಿಗೆ ಹಿಡಿದರು, ಗದ್ದ ಮುಟ್ಟಿದರು, ಗೇಟಿನ ಒಳಗೆ ತೋರಿಸಿದರು. ಚಾಳೀಸದಾಕಿ ಬಂದಳು, ಇನ್ನು ಇವಳು ಒಳಗೆ ಹೋಗಿ ಮಗಳನ್ನು ಕರೆಯುತ್ತಾಳೆ ಎಂಬ ನಂಬಿಕೆ ಆ ಮುಖದಲ್ಲಿ ಅಚ್ಚೊತ್ತಿತ್ತು. ಅವಳು ಇಲ್ಲಿಲ್ಲ ಎಂದು ನಾನು ಹೇಳಬೇಕಿತ್ತು. ನನ್ನ ಕೈಗೆ ಅದು ಬರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವಳು ರಸ್ತೆಯಲ್ಲಿ ನಿಂತು ಎರಡು ಕೈಯನ್ನು ಸುಮ್ಮನೆ ಅಲ್ಲಾಡಿಸುತ್ತ ಅತ್ತೆ. ಕಾಕಾ ಶಿವಲೀಲಾಗೆ ಫೋನು ಹಚ್ಚಿದರು. ನಾನು ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದೆ. ಆಗ ಫಕೀರವ್ವನಿಗೆ ಎರಡೂ ಕೈ ಬಿಡುವಾದವು. ಎಷ್ಟು ದಿನದ ಮಾತೋ, ಮಳೆಯಲ್ಲಿ ನಿಂತು ಒಂದೇ ಸಮನೆ ಹೇಳಿದರು. ತೆರೆಯ ಮೇಲೆ ಆ ಹುಡುಗಿ ಅಳುತ್ತ, ಬರುತ್ತೇನೆ, ಬರುತ್ತೇನೆ ಎಂದು ಬೆರಳ ತುದಿಯಿಂದ ಮೊಳಕೈಯವರೆಗೆ ಕೈಯೆಳೆಯುತ್ತಿದ್ದಳು.

ಮರುದಿನ ಅವಳು ಚೀಲ ಸಮೇತ ಸುಳ್ಳಕ್ಕೆ ಬಂದಳು. ತಿರುಗಿ ಹೋಗಲಿಲ್ಲ. ನಾನು ಕಾಲೇಜಿಗೆ ಪತ್ರ ಬರೆದೆ, ಧಾರವಾಡದಲ್ಲಿ ಕಂಡ ಕಂಡ ಬಾಗಿಲು ತಟ್ಟಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಸೀಟುಗಳು ತುಂಬಿದ್ದವು. ಮುಂದಿನ ವರ್ಷ ಮತ್ತೆ ಬರೆಯೋಣ ಎಂದು ಹೇಳಿ ಕಳಿಸಿದೆ, ಅವಳು ಬರಲಿಲ್ಲ. ನಾನು ಕೋಣೆಯ ಬೀಗದ ಕೈ ಕಾಕಾ ಅವರಿಗೆ ಕೊಟ್ಟೆ. ಸುಳ್ಳಕ್ಕೆ ಹೋಗುವ ಧೈರ್ಯ ನಾಲ್ಕು ವರ್ಷ ಬರಲಿಲ್ಲ.

ಅಂಗಡಿಯಲ್ಲಿ ಆ ಮಾತು ಕೇಳಿದ ಮೇಲಿನ ಭಾನುವಾರ ಹೋದೆ. ಫಕೀರವ್ವ ಕಟ್ಟೆಯ ಮೇಲೆ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ಶಿವಲೀಲಾ ಚಾಪೆ ಹಾಸಿದಳು, ಚಹಾ ತಂದಳು. ಹುಬ್ಬಳ್ಳಿಯ ಹೊರಗೆ ಬೀಜದ ಫ್ಯಾಕ್ಟರಿಯೊಂದರಲ್ಲಿ ಕೆಲಸವಂತೆ. ಯಂತ್ರದ ಬೆಲ್ಟಿನ ಮೇಲೆ ಬೀಜ ಸಾಗಿ ಬರುತ್ತದೆ, ಕೆಟ್ಟದ್ದನ್ನು ಆರಿಸಿ ತೆಗೆಯುವುದು.

"ಮುಂಜಾನಿ ಎಂಟರ ಬಸ್ಸಿಗೆ ಹೋಗ್ತೇನ್ರಿ, ಸಂಜಿ ಆರರ ಬಸ್ಸಿಗೆ ಬರ್ತೇನಿ," ಎಂದಳು.

"ನನ್ನ ಮ್ಯಾಲೆ ಸಿಟ್ಟ ಇಲ್ಲೇನವಾ?"

ಅವಳು ಲೋಟ ನೋಡುತ್ತ ಕುಳಿತಳು. "ಇತ್ರಿ. ಭಾಳ ಇತ್ತು. ಈಗೂ ಒಮ್ಮೊಮ್ಮೆ ಬರತೈತ್ರಿ, ಬೀಜ ಆರಸೂ ಮುಂದ." ಆಮೇಲೆ, "ಅಲ್ಲಿ ಇಪ್ಪತ್ತ ದಿನ ಭಾಳ ಛಲೋ ಇದ್ವರಿ," ಎಂದಳು.

ನಾನು ಲೋಟ ಕೆಳಗಿಟ್ಟೆ.

ಅಷ್ಟರಲ್ಲಿ ಫಕೀರವ್ವ ಮೊರ ಕೆಳಗಿಟ್ಟು ನನ್ನ ಮುಂದೆ ಬಂದು ಕುಳಿತರು. ಎರಡು ಬೆರಳು ಸುತ್ತಿ ಕಣ್ಣಿಗೆ ಹಿಡಿದರು. ಪೇಡೆ ತಿಕ್ಕಿ ಬಾಯಿಗಿಟ್ಟರು. ನಾನು ಅವತ್ತು ಫೋನು ಹಿಡಿದಿದ್ದ ಹಾಗೆಯೇ ಎರಡು ಕೈಯನ್ನು ಎತ್ತಿ ಹಿಡಿದು ತೋರಿಸಿದರು. ಗದ್ದ ಮುಟ್ಟಿಕೊಂಡರು, ಬೆರಳ ತುದಿಯಿಂದ ಮೊಳಕೈಗೆ ಕೈಯೆಳೆದು ಎದೆಗೆ ಒತ್ತಿಕೊಂಡರು. ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಕಾಲು ಎಳೆದುಕೊಂಡು ಮಗಳ ಕಡೆ ನೋಡಿದೆ.

"ನೀವ ಫೋನಿನ್ಯಾಗ ಹುಡುಕಿ ನನ್ನ ಮನಿಗೆ ಕರ್ಕೊಂಡ ಬಂದೀರಿ ಅಂತ ಆಕಿ ತಿಳಕೊಂಡಾಳ್ರಿ," ಎಂದಳು ಶಿವಲೀಲಾ. "ನಾ ಹೌದು ಅಂದೇನ್ರಿ. ಸೀಟಿನ ಕತಿ ಎಲ್ಲಾ ಕೈಲೇ ಹೆಂಗ ಹೇಳಬೇಕ್ರಿ."

ಫಕೀರವ್ವ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೂಂ ಅನ್ರಿ ಅಕ್ಕಾರ," ಎಂದಳು ಅವಳು. "ಕಾಯಾಕತ್ತಾಳ."

ನಾನು ತಲೆಯಾಡಿಸಿ ಹೂಂ ಎಂದೆ.